ಖಲಂದರ್ ಸಾಬರಿಗೆ ಕೇಳಿಸದ ಸದ್ದು

ಬೆಳಗಿನ ಆರು ಗಂಟೆ. ಶಿವಮೊಗ್ಗದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಚಹಾದಂಗಡಿಯ ಒಲೆ ಕೂಡ ಇನ್ನೂ ಹೊತ್ತಿಲ್ಲ. ಖಲಂದರ್ ಸಾಬರು ಮಾತ್ರ ತಮ್ಮ ರಿಪೇರಿ ಅಂಗಡಿಯ ಶಟರ್ ಎತ್ತಿ, ಕಂಪ್ಯೂಟರ್ ಮಾನಿಟರೊಂದರ ಬೆನ್ನಿಗೆ ಕಿವಿ ಹಚ್ಚಿ ಕೂತಿದ್ದಾರೆ. ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾವೂ ಅಷ್ಟೊತ್ತಿಗೇ ಹಾಜರು. ಭದ್ರಾವತಿಯಿಂದ ಮೊದಲ ಬಸ್ಸಿಗೇ ಬಂದಿಳಿಯುವ ಇವರನ್ನು ಕಂಡು ಓಣಿಯವರೆಲ್ಲ 'ದುಡಿಮೆ ಅಂದರೆ ಇದಪ್ಪಾ' ಎನ್ನುತ್ತಾರೆ. ದುಡಿಮೆಯೂ ಹೌದು, ಅಲ್ಲವೆಂದವರಾರು? ಅಸಲು ಕಾರಣ ಬೇರೆ. ಗಾಡಿಗಳ ಗಲಾಟೆ ಶುರುವಾದರೆ ಇವರಿಗೆ ಮಾನಿಟರಿನ ಸಣ್ಣ ಸದ್ದು ಕೇಳುವುದಿಲ್ಲ. ಈಚೆಗೆ ಗಲಾಟೆ ಇಲ್ಲದಾಗಲೂ ಕೇಳುತ್ತಿಲ್ಲ.

ಟೈಪಿಂಗ್ ಸೆಂಟರು, ಜೆರಾಕ್ಸ್ ಅಂಗಡಿಗಳ ಹಳೇ ಮಾನಿಟರುಗಳೇ ಇವರ ಅನ್ನ. ಆನ್ ಮಾಡಿದ ಸ್ವಲ್ಪ ಹೊತ್ತಿಗೆ ಅವು ಮಂಕಾಗುತ್ತವೆ, ಗುಂಯ್ ಎನ್ನುತ್ತವೆ. ಮಂಕು ಕಣ್ಣಿಗೆ ಕಾಣುತ್ತದೆ. ತಲೆ ಉಬ್ಬಿದ ಕೆಪಾಸಿಟರ್ ಕಿತ್ತು ಹೊಸದನ್ನು ಬೆಸೆದರೆ ಬೆಳಕು ಬರುತ್ತದೆ. ಗುಂಯ್ ಅನ್ನುವುದಕ್ಕೆ ಕಿವಿಯೇ ಬೇಕು. ಇವರದೋ ಪ್ರಾಯವನ್ನೆಲ್ಲ ಭದ್ರಾವತಿಯ ಕಬ್ಬಿಣ ಉಜ್ಜುವ ಶೆಡ್ಡಿನ ಗದ್ದಲದಲ್ಲಿ ಕಳೆದ ಕಿವಿ. ಹೇಳಿಕೊಂಡರೆ ಗಿರಾಕಿಗಳು ಬರುತ್ತಾರೆಯೇ ಎಂಬ ಭಯ.

ಅದಕ್ಕೇ, ರಿಪೇರಿಯಾದ ಮೇಲೂ ಸದ್ದು ಹೋಗಿಲ್ಲ ಎಂದು ಗೋಪಾಳ ಬಡಾವಣೆಯ ಟೈಪಿಂಗ್ ಸೆಂಟರಿನ ಸುಭದ್ರಮ್ಮ ಬಂದಾಗ ಇವರು ರೇಗಿದ್ದರು: "ಅದು ನಿಮ್ಮ ಫ್ಯಾನ್ ಸದ್ದು, ಅಕ್ಕಾ." ಪಾಪ, ಆಕೆ ಹೊಸ ಫ್ಯಾನ್ ಹಾಕಿಸಿದರು. ಆಕೆ ಮತ್ತೆ ಬಂದಾಗ ಇವರು "ನಿಮ್ಗೆಲ್ಲೋ ಭ್ರಮೆ" ಅಂದುಬಿಟ್ಟರು.

ಇವತ್ತು ಓಣಿಯ ಅಂಗಡಿಗಳು ಬಾಗಿಲು ತೆರೆಯುವ ಹೊತ್ತಿಗೆ ಅದೇ ಸುಭದ್ರಮ್ಮ, ಅದೇ ಮಾನಿಟರನ್ನು ಆಟೋದಲ್ಲಿಟ್ಟುಕೊಂಡು ಬರುತ್ತಾರೆ. ಮುಖದಲ್ಲಿ ಸಿಟ್ಟಿಲ್ಲ, ತಮ್ಮದೇ ತಪ್ಪೇನೋ ಎಂಬ ಸಂಕೋಚ. "ಬೇಜಾರ್ ಮಾಡ್ಕೋಬೇಡಿ ಖಲಂದರಣ್ಣ. ನೀವು ಭ್ರಮೆ ಅಂದ್ರಲ್ಲ, ಕಿವಿ ಡಾಕ್ಟ್ರ ಹತ್ರ ಹೋಗಿದ್ದೆ. ನನ್ ಕಿವಿ ಸರಿಯಾಗೇ ಇದೆಯಂತೆ. ಈಗ ಏನ್ ಮಾಡೋಣ ಮಾರಾಯ್ರೆ?"

ಖಲಂದರ್ ಸಾಬರ ಮುಖ ಸುಟ್ಟ ಬದನೆಕಾಯಿಯಾಗುತ್ತದೆ. ನಾಚಿಕೆಯಿಂದ ನೆಲ ಬಾಯಿಬಿಡಬಾರದೇ ಅನ್ನಿಸುತ್ತದೆ. "ತೋಬಾ! ಡಾಕ್ಟ್ರ ಹತ್ರ ಹೋಗ್ಬೇಕಾಗಿದ್ದು ನಾನು, ಅಕ್ಕಾ. ನನಗೇ ಕೇಳ್ಸಲ್ಲ. ಹೇಳ್ಕೊಳ್ಳೋಕೆ ಮರ್ಯಾದೆ ಪ್ರಶ್ನೆ ಅಂತ ನಿಮ್ಮ ಮೇಲೆ ಹಾಕ್ದೆ."

ಸುಭದ್ರಮ್ಮ ಅವರನ್ನೇ ನೋಡುತ್ತಾರೆ. "ಅಲ್ಲ, ಒಂದ್ ಮಾತು ಹೇಳಿದ್ರೆ ನಿಮ್ಮ ಗಂಟೇನ್ ಹೋಗ್ತಿತ್ತು? ಹೊಸ ಫ್ಯಾನ್ ತಂದ್ನಲ್ರೀ ನಾನು!" ಎಂದವರೇ ಸ್ಟೂಲ್ ಎಳೆದುಕೊಂಡು ಕೂರುತ್ತಾರೆ. "ಹೂಂ, ಬಿಚ್ಚಿ. ನಾನ್ ಕೇಳ್ತೀನಿ."

ಆಕೆ ಕೇಳಿ ಬೆರಳು ತೋರಿದ ಕಡೆ, ಬೆಳಕಿಗೆ ಕರೆಂಟ್ ಕೊಡುವ ಪುಟ್ಟ ಕಾಯಿಲ್ ಸಡಿಲವಾಗಿದೆ; ಅದು ಅದುರುವುದೇ ಆ ಗುಂಯ್. ಖಲಂದರ್ ಸಾಬರು ಅದಕ್ಕೆ ವಾರ್ನಿಷ್ ಬಿಟ್ಟು, ಒಣಗಿದ ಮೇಲೆ ಸ್ವಿಚ್ ಹಾಕುತ್ತಾರೆ. ಹಾಕಿ ಮಾನಿಟರಿನ ಕಡೆ ನೋಡುವುದಿಲ್ಲ, ಸುಭದ್ರಮ್ಮನ ಮುಖ ನೋಡುತ್ತಾರೆ. ಆಕೆ ಕತ್ತು ಓರೆ ಮಾಡಿ ಆಲಿಸಿ, "ನಿಂತ್ತು" ಎನ್ನುತ್ತಾರೆ.

ಆಕೆ ಹೋದ ಮೇಲೂ ಖಲಂದರ್ ಸಾಬರು ತಲೆ ಎತ್ತುವುದಿಲ್ಲ. ಪತ್ರಿಕೆಯಲ್ಲಿ ನಿಮ್ಮ ಬಗ್ಗೆ ಏನು ಬರೆಯೋಣ ಎಂದರೆ ಕೈಯಲ್ಲಿನ ಸ್ಕ್ರೂಡ್ರೈವರ್ ಕೆಳಗಿಡುತ್ತಾರೆ.

"ಇನ್ನೂ ಸುಮಾರು ಜನಕ್ಕೆ ಹಿಂಗೇ ಭ್ರಮೆ ಅಂದಿದೀನಿ ಸಾರ್. ಯಾರ್ಯಾರು ಅಂತ ನೆನಪಿಲ್ಲ. ನನ್ನ ಹೆಸ್ರು ದೊಡ್ಡದಾಗೇ ಹಾಕಿ, ಅವ್ರು ಓದಿ ಮಾನಿಟರ್ ವಾಪಸ್ ತರ್ಲಿ. ಅವ್ರಿಗೆ ಕೇಳ್ಸಿದ್ದು ನಿಜ ಅಂತ ಬರೀರಿ."