ಬೆಂಕಿ ಬಂದರೂ ಏಳದ ಗೌಜಲಕ್ಕಿ

ಬೆಂಕಿ ನಾಲ್ಕು ಮಾರು ದೂರಕ್ಕೆ ಬಂದಿದ್ದರೂ ಹುಲ್ಲಿನಲ್ಲಿದ್ದ ಆ ಗೌಜಲಕ್ಕಿ ಅಲುಗಲಿಲ್ಲ. ಯುಗಾದಿ ಸಮಯ, ಮರಗಳು ಚಿಗುರಿದ್ದವು. ಹಕ್ಕಿ ನೋಡಲೆಂದು ನಾನೂ ಹೆಂಡತಿ ಸವಿತಾಳೂ ದೊಡ್ಡಬಳ್ಳಾಪುರದಿಂದ ಮಾಕಳಿ ಬೆಟ್ಟಕ್ಕೆ ಹೋಗಿದ್ದೆವು. ಯಾರೋ ಒಣಹುಲ್ಲಿಗೆ ಬೆಂಕಿ ಹಚ್ಚಿದ್ದರು. ಬೈನಾಕ್ಯುಲರ್‌ನಲ್ಲಿ ಕಂಡ ಹಕ್ಕಿಯ ಕಣ್ಣನ್ನೇ ನೋಡುತ್ತಾ ನಾನು ನಿಂತುಬಿಟ್ಟೆ.

“ಏನ್ರೀ, ನೋಡ್ತಾ ನಿಂತ್ಬಿಟ್ರಿ? ಅದು ಮೊಟ್ಟೆ ಮೇಲೆ ಕೂತೈತೆ, ಬನ್ರೀ!” ಎಂದು ಕೂಗಿದ ಸವಿತಾ ಹೊಂಗೆಯ ಹಸಿ ಕೊಂಬೆ ಮುರಿದುಕೊಂಡು ಓಡಿದಳು. ನಾನೂ ಓಡಿದೆ. ಇಬ್ಬರೂ ಬಡಿದು ಬಡಿದು ಬೆಂಕಿ ಆರಿಸಿದೆವು. ಆಗಷ್ಟೇ ಹಕ್ಕಿ ಪುರ್ರನೆ ಎದ್ದಿತು. ಅದರ ಬಾಲದ ಪುಕ್ಕ ಸುಟ್ಟು ಕರಕಲಾಗಿತ್ತು. ಮೊಟ್ಟೆಗಳು ಹಾಗೇ ಇದ್ದವು. ನಾವು ದೂರ ಸರಿದು ಕಾದೆವು. ಬಿಸಿ ಬೂದಿಯ ಮೇಲೆ ನಡೆದುಕೊಂಡೇ ಬಂದು ಅದು ಮತ್ತೆ ಕಾವಿಗೆ ಕೂತಿತು.

ಅದು ಕೂತದ್ದನ್ನು ನೋಡಿಯೇ ನಾವು ಬೆಟ್ಟ ಇಳಿದೆವು. ಈಗಲೂ ದೂರದಲ್ಲಿ ಹೊಗೆ ಕಂಡರೆ ನನ್ನ ಕಣ್ಣು ಹಸಿ ಕೊಂಬೆ ಹುಡುಕುತ್ತದೆ.