ಏಳು ಜನರ ಕಲ್ಲು

ದೇವರಾಯಸಮುದ್ರದ ಕೆರೆಯಾಚೆ ನಮ್ಮ ಹೊಲದ ಬದುವಿನ ಮೇಲೆ ಒಂದು ಚಪ್ಪಡಿ ಇತ್ತು. ಅದನ್ನು ನೆಟ್ಟವನು ನನ್ನ ಮುತ್ತಜ್ಜ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರ ಬಾಂಬು ಹಾಕುವ ವಿಮಾನವೊಂದು ಅಲ್ಲಿ ಬಿದ್ದು, ಒಳಗಿದ್ದ ಏಳು ಜನರೂ ಸುಟ್ಟುಹೋಗಿದ್ದರು. ಆಗ ಹನ್ನೆರಡು ವರ್ಷದವಳಾಗಿದ್ದ ಅಜ್ಜಿ ಅಲ್ಲೇ ಮೇಕೆ ಮೇಯಿಸುತ್ತಿದ್ದಳು. ದೂರದಲ್ಲಿ ಸಿಡಿದುಬಿದ್ದ ಒಂದು ಬೂಟನ್ನು ಮೊದಲು ಕಂಡವಳು ಅವಳೇ. ಅದರ ದಾರ ಕಟ್ಟಿದಂತೆಯೇ ಇತ್ತಂತೆ. ಮಾರನೆಯ ದಿನ ಸೈನಿಕರು ಲಾರಿಯಲ್ಲಿ ಬಂದು ಎಲ್ಲವನ್ನೂ ಬಾಚಿಕೊಂಡು ಹೋದರು. ಸತ್ತವರು ಯಾರೆಂದು ಊರಿಗೆ ಯಾರೂ ಹೇಳಲಿಲ್ಲ.

ಪ್ರತಿ ಮಹಾಲಯ ಅಮಾವಾಸ್ಯೆಗೆ ಅಜ್ಜಿ ಆ ಕಲ್ಲಿನ ಮುಂದೆ ಏಳು ಎಲೆ ಹಾಕಿ ಮುದ್ದೆ, ಹುರುಳಿ ಸಾರು ಎಡೆ ಇಡುತ್ತಿದ್ದಳು. ಅವಳು ಹೋದ ಮೇಲೆ ನಾನು ಇಡುತ್ತಾ ಬಂದೆ.

ಹೊಲ ಪಾಲಾದಾಗ ಬದುವಿನ ಆಚೆಯದು ಚಿಕ್ಕಪ್ಪನ ಮಗನಿಗೆ ಬಂತು. ಹೋದ ವರ್ಷ ಅವನು ಜೆಸಿಬಿ ತರಿಸಿ ಬದು ಸವರಿಸಿದ. ಚಪ್ಪಡಿ ಎರಡು ಹೋಳಾಯಿತು.

"ನಮ್ಮನ್ನ ಆಳ್ದೋರ್ಗೆ ನಮ್ ಹೊಲ್ದಾಗೆ ಕಲ್ಲು ಯಾಕಕ್ಕ? ಊರೋರು ನಗ್ತವ್ರೆ" ಅಂದ.

"ಆಳಿದೋರು ಬೇರೆ ಕಣೋ. ಇವರು ನಮ್ಮ ಮಣ್ಣಲ್ಲಿ ಬಿದ್ದು ಸತ್ತ ಹುಡುಗ್ರು. ನಗೋರು ನಗ್ಲಿ, ನಾನು ಮತ್ತೆ ನಿಲ್ಲಿಸ್ತೀನಿ" ಅಂದೆ.

ಮರುದಿನವೇ ಬಸ್ಸು ಹತ್ತಿ ಶಿವಾರಪಟ್ಟಣಕ್ಕೆ ಹೋದೆ. ಅಲ್ಲಿ ದೇವರ ವಿಗ್ರಹ ಕೆತ್ತುವ ಹಿರಿಯರೊಬ್ಬರು ನನ್ನ ಮಾತೆಲ್ಲ ಕೇಳಿ, "ಹೆಸರೇ ಗೊತ್ತಿಲ್ದೆ ಏನಂತ ಕೆತ್ಲಿ ತಾಯಿ?" ಅಂದರು.

"ವಿಮಾನ ಬಿದ್ದು ಇಲ್ಲಿ ಸತ್ತ ಏಳು ಜನ ಅಂತ ಕೆತ್ತಿ. ಹೆಸರಿಲ್ಲ ಅಂತ ಅವರು ಹುಟ್ಟೇ ಇರ್ಲಿಲ್ಲ ಅನ್ನೋಕಾಗಲ್ಲ."

ಹೊಸ ಕಲ್ಲನ್ನು ಈ ಸಲ ಬದುವಿನ ಮೇಲೆ ಇಡಲಿಲ್ಲ. ನನ್ನ ಪಾಲಿನ ಹಿಪ್ಪುನೇರಳೆ ತೋಟದ ನಟ್ಟನಡುವೆ, ರಸ್ತೆಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ, ಎರಡು ಸಾಲು ಗಿಡ ಕಡಿಸಿ ನಿಲ್ಲಿಸಿದೆ. ಚಿಕ್ಕಪ್ಪನ ಮಗ ಬೇಲಿಯಾಚೆ ನಿಂತು ನೋಡಿದ. ಆಮೇಲೆ ಮಾತು ಬಿಟ್ಟ. ನಾನೂ ಕರೆದು ಮಾತಾಡಿಸಲು ಹೋಗಲಿಲ್ಲ.

ಅಮಾವಾಸ್ಯೆಯ ದಿನ ನಾನು ಎಲೆ ಹಾಸುತ್ತಿದ್ದಾಗ ಅವನ ತಾಯಿ, ನನ್ನ ಚಿಕ್ಕಮ್ಮ, ಸೆರಗಿನಲ್ಲಿ ಪಾತ್ರೆ ಹಿಡಿದುಕೊಂಡು ಬಂದಳು. ಮಗ ಬೇಡವೆಂದಿದ್ದನಂತೆ.

"ಜರುಗೇ, ಬಡಿಸ್ತೀನಿ. ನಿಮ್ಮಜ್ಜಿ ಸಾರಿಗೆ ಬೆಳ್ಳುಳ್ಳಿ ಜಾಸ್ತಿ ಹಾಕೋಳು, ನಾನೂ ಹಂಗೇ ಮಾಡ್ಕೊಂಡ್ ಬಂದಿದೀನಿ" ಎನ್ನುತ್ತಾ ಕಲ್ಲಿನ ಮುಂದೆ ಕೂತಳು.