ಹಾಡಿಗೆ ಎಷ್ಟಾಣೆ?

ತನಗೆ ಪ್ರಿಯವಾದ ಹಾಡನ್ನು ಇನ್ನೊಬ್ಬರಿಗೆ ಕೇಳಿಸುವವರನ್ನು ನೀವು ಎಂದಾದರೂ ಗಮನಿಸಿದ್ದೀರಾ? ಅವರ ಕಿವಿ ಹಾಡಿನ ಕಡೆಗೆ ಇರುವುದೇ ಇಲ್ಲ; ಕಣ್ಣು ಮಾತ್ರ ನಮ್ಮ ಮುಖದ ಮೇಲೆ ನೆಟ್ಟಿರುತ್ತದೆ. ನಾವು ಹುಬ್ಬೇರಿಸಿದರೆ ಅವರು ಹಿಗ್ಗುತ್ತಾರೆ. ಆಕಳಿಸಿದರೆ ತಮ್ಮ ವಂಶಕ್ಕೇ ಅವಮಾನವಾದಂತೆ ಕುಗ್ಗಿಹೋಗುತ್ತಾರೆ. ನೊಣ ಓಡಿಸಲೆಂದು ನಾನು ತಲೆ ಕೊಡವಿದ್ದನ್ನೇ ಮೆಚ್ಚುಗೆಯೆಂದು ಭಾವಿಸಿ, ಅದೇ ಹಾಡನ್ನು ಆಮೂಲಾಗ್ರವಾಗಿ ಮತ್ತೊಮ್ಮೆ ಕೇಳಿಸಿದ ಮಹನೀಯರೂ ಉಂಟು.

ನನಗಾದರೋ ಸರಸ್ವತಿ ಕಿವಿಯನ್ನು ಕೊಟ್ಟು ಕಂಠವನ್ನು ಕೊಡಲು ಮರೆತಳು. ನಾನು ಹಾಡಲು ಬಾಯಿ ತೆರೆದರೆ ಎಣ್ಣೆ ಕಾಣದ ಬಂಡಿಯ ಅಚ್ಚಿನ ನೆನಪಾಗುತ್ತದೆಂದು ಮನೆಯವರೇ ಹೇಳುತ್ತಾರೆ. ತಾಳ ಇಲ್ಲದವನಿಗೆ ತಾಳ್ಮೆಯಾದರೂ ಇರಲೆಂದು ನಾನು ಕೇಳುಗನಾದೆ. ಕೇಳುಗನು ಬಹುಬೇಗ ವಿಮರ್ಶಕನಾಗುತ್ತಾನೆ, ಏಕೆಂದರೆ ಆ ಪದವಿಗೆ ಯಾವ ಪರೀಕ್ಷೆಯೂ ಇಲ್ಲ.

ದೇಶಕ್ಕೆ ಸ್ವಾತಂತ್ರ್ಯ ಬಂದು, ನಮ್ಮ ಹೈದರಾಬಾದ್ ಸಂಸ್ಥಾನಕ್ಕೆ ಇನ್ನೂ ಬಾರದಿದ್ದ ದಿನಗಳವು. ನಾನು ಹುಮನಾಬಾದದ ಶಾಲೆಯೊಂದರಲ್ಲಿ ಲೆಕ್ಕದ ಮಾಸ್ತರನಾಗಿದ್ದೆ. ಶುಕ್ರವಾರ ನಮಗೆ ರಜೆ. ಬಾಜಾರದಲ್ಲಿ ದರ್ಜಿ ಮಹಬೂಬಸಾಬನ ಅಂಗಡಿ. ಅಂಗಡಿಯ ಹಿಂದೆಯೇ ಅವನ ಮನೆ. ನಡುವೆ ಒಂದು ಪರದೆ. ಪರದೆಯ ಆಚೆ ಅವನ ತಾಯಿ ಇರುತ್ತಿದ್ದಳು. ಆಕೆಯನ್ನು ನಾವೆಲ್ಲರೂ ಖಾಲಾ, ಎಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದೆವು. ಮಹಬೂಬ ನಮಾಜು ಮುಗಿಸಿ ಬಂದ ಮೇಲೆ ಆ ಅಂಗಡಿಯಲ್ಲಿ ನಮ್ಮ ಸಂಗೀತ ಸಭೆ ಸೇರುತ್ತಿತ್ತು. ಸಭೆಯೆಂದರೆ ಮೂರೇ ಜನ: ಗ್ರಾಮಫೋನಿನ ಯಜಮಾನನಾದ ಮಹಬೂಬ, ಕಾಳಿನ ವ್ಯಾಪಾರಿ ಶಿವಲಿಂಗಪ್ಪ ಮತ್ತು ನಾನು.

ಮಹಬೂಬನಿಗೆ ಖವಾಲಿಯ ಹುಚ್ಚು. ಶಿವಲಿಂಗಪ್ಪ ತತ್ವಪದದವನು, ಸ್ವತಃ ಹಾಡುತ್ತಿದ್ದ, ಕಂಠವೂ ಚೆನ್ನಾಗಿತ್ತು. ನನಗೆ ಸೊಲ್ಲಾಪುರದ ಕಡೆಯಿಂದ ಬರುತ್ತಿದ್ದ ಮರಾಠಿ ನಾಟಕದ ಹಾಡುಗಳೆಂದರೆ ಪ್ರಾಣ. ಪ್ರತಿಯೊಬ್ಬನೂ ತನ್ನ ಮೆಚ್ಚಿನ ಹಾಡೊಂದನ್ನು ಕೇಳಿಸಬೇಕು, ಉಳಿದಿಬ್ಬರು ಅದು ಎಷ್ಟಾಣೆ ಹಾಡೆಂದು ತೀರ್ಪು ಕೊಡಬೇಕು. ಹದಿನಾರಾಣೆ ಎಂದರೆ ಪರಿಪೂರ್ಣ. ಆ ಪೂರ್ಣಾಂಕ ಯಾವ ಹಾಡಿಗೂ ದಕ್ಕಿದ್ದಿಲ್ಲ, ಏಕೆಂದರೆ ಸಂಗೀತದ ರಾಗದೊಡನೆ ನಮ್ಮ ರಾಗದ್ವೇಷಗಳೂ ಬೆರೆತಿದ್ದವು.

ನಾಟಕದ ಹಾಡು ಕೇಳಿ ಶಿವಲಿಂಗಪ್ಪ, "ಒಂದು ಮಾತು ಹೇಳಾಕ ಈ ಮನಷ್ಯಾ ಊರೆಲ್ಲಾ ತಿರಗ್ತಾನಲ್ರೀ ಮಾಸ್ತರ್" ಎನ್ನುತ್ತಿದ್ದ. ಖವಾಲಿ ಮುಗಿದರೆ, "ಚಪ್ಪಾಳಿ ಭಾಳ ಆತೋ ಮಹಬೂಬ, ಹಾಡಿಗೆ ಜಾಗಾನೇ ಉಳದಿಲ್ಲ" ಎನ್ನುತ್ತಿದ್ದ. ಮಹಬೂಬನೇನೂ ಸುಮ್ಮನಿರುತ್ತಿರಲಿಲ್ಲ. "ನಿನ್ನ ಪದ ಬರೇ ಬಿಡು ಬಿಡು ಅಂತದ. ಬಿಡಾಕ ಮದಲ ನನ್ನ ಹತ್ರ ಏನಾರ ಇರಬೇಕಲ್ಲೋ!" ಒಮ್ಮೆ ಒಂದು ಖವಾಲಿ ತನಗೂ ಹಿಡಿಸಿಬಿಟ್ಟಾಗ ಶಿವಲಿಂಗಪ್ಪ ಬಹಳ ಸಂಕಟಪಟ್ಟು, "ಹದಿನಾಕಾಣೆ. ಆದ್ರ ಹಾಲಿ ಸಿಕ್ಕಾದಾಗ" ಎಂದ. ಸಂಸ್ಥಾನದ ಹಾಲಿ ನಾಣ್ಯಕ್ಕೆ ಗಡಿಯಾಚೆಯ ನಾಣ್ಯಕ್ಕಿಂತ ಬೆಲೆ ಕಡಿಮೆ. ವ್ಯಾಪಾರಿ ಹೊಗಳುವಾಗಲೂ ವಟ್ಟ ಹಿಡಿದಿದ್ದ! ಜಗಳ ತಾರಕಕ್ಕೇರಿದಾಗ ಪರದೆಯ ಆಚೆಯಿಂದ ಖಾಲಾ, "ಅರೇ, ಎಲ್ಲಾ ಛಲೋನೇ ಅವ. ಚಾ ಆರಾಕತ್ತದ, ಕುಡೀರಿ" ಎಂದು ಸಭೆಯನ್ನು ಬರಖಾಸ್ತು ಮಾಡುತ್ತಿದ್ದಳು.

ಆಮೇಲೆ ಊರ ಗಾಳಿ ಕೆಟ್ಟಿತು. ಸಂಸ್ಥಾನದ ಪರವೆಂದು ಹೊರಗಿನಿಂದ ಬಂದ ಬಂದೂಕಿನ ಗುಂಪೊಂದು ಶಿವಲಿಂಗಪ್ಪನ ಅಂಗಡಿಯನ್ನು ದೋಚಿ ಬೆಂಕಿಯಿಟ್ಟಿತು. ಮರುದಿನ ಬೆಳಿಗ್ಗೆ ಅವನು ಹೆಂಡತಿ ಮಕ್ಕಳನ್ನು ಬಂಡಿಯಲ್ಲಿ ಕೂಡಿಸಿ ಗಡಿಯಾಚೆಯ ನೆಂಟರ ಊರಿಗೆ ಹೊರಟ. ಮಹಬೂಬ ಓಡುತ್ತ ಬಂದು, ಹೊಲಿದಿಟ್ಟಿದ್ದ ಮಕ್ಕಳ ಅಂಗಿಗಳನ್ನು ಬಂಡಿಯಲ್ಲಿಟ್ಟ. ಶಿವಲಿಂಗಪ್ಪ ಅವನ ಮುಖ ನೋಡಲಿಲ್ಲ. ಎತ್ತುಗಳ ಬೆನ್ನು ನೋಡುತ್ತ ಕೂತಿದ್ದ. ಬಂಡಿ ಕಣ್ಮರೆಯಾಗುವವರೆಗೂ ಮಹಬೂಬ ರಸ್ತೆಯಲ್ಲೇ ನಿಂತಿದ್ದ. ಅವನ ಪಕ್ಕದಲ್ಲಿ ನಾನೂ ನಿಂತಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ದೆಹಲಿಯ ಸೈನ್ಯ ಬಂತು, ಸಂಸ್ಥಾನದ ಆಳ್ವಿಕೆ ಮುಗಿಯಿತು. ನಾವು ಸಂತೋಷಪಟ್ಟೆವು, ಪಡಬೇಕಾದ್ದೇ. ಆದರೆ ಯಾರೋ ಮಾಡಿದ ಪಾಪದ ಸೇಡನ್ನು ಏನೂ ಮಾಡದವರ ಮೇಲೆ ತೀರಿಸಿಕೊಂಡ ದಿನಗಳೂ ಅವೇ. ಮಹಬೂಬನ ಅಣ್ಣ ಮೋರಖಂಡಿಯಲ್ಲಿ ಬೇಸಾಯ ಮಾಡಿಕೊಂಡಿದ್ದವನು. ಅವನನ್ನು ಅವನ ಹೊಲದಲ್ಲೇ ಕೊಂದರು. ವಿಧವೆಯೂ ಅವಳ ಪುಟ್ಟ ಮಗಳೂ ಕಲ್ಯಾಣದಲ್ಲಿದ್ದ ನೆಂಟರ ಮನೆ ಸೇರಿದರು. ಖಾಲಾ ಮತ್ತು ಮಹಬೂಬ ಅಂಗಡಿಗೆ ಕೀಲಿ ಹಾಕಿ ಅಲ್ಲಿಗೇ ಹೋದರು.

ಶಿವಲಿಂಗಪ್ಪ ಮರಳಿ ಬಂದು, ಸುಟ್ಟ ಗೋಡೆಗಳಿಗೆ ಸುಣ್ಣ ಬಳಿದು ವ್ಯಾಪಾರ ಶುರುಮಾಡಿದ. ಎದುರಿಗೇ ಮಹಬೂಬನ ಕೀಲಿ ಹಾಕಿದ ಬಾಗಿಲು. ನಾವಿಬ್ಬರೂ ಅದರ ಮಾತೆತ್ತುತ್ತಿರಲಿಲ್ಲ. ಹಾಡಿನ ಮಾತಂತೂ ದೂರವೇ ಉಳಿಯಿತು. ಒಂದು ದಿನ ತಕ್ಕಡಿಯನ್ನು ಕೆಳಗಿಟ್ಟವನು ಇದ್ದಕ್ಕಿದ್ದಂತೆ ಕೇಳಿದ: "ಮಾಸ್ತರ್, ಕಲ್ಯಾಣಕ್ಕ ಹೋಗಿ ಬರೂಣೇನ್ರಿ?"

ಬಸ್ಸಿನಲ್ಲಿ ಕಲ್ಯಾಣಕ್ಕೆ ಹೋದೆವು. ಕೋಟೆಯ ಸಮೀಪದ ಓಣಿಯಲ್ಲಿ ವಿಚಾರಿಸುತ್ತ ಹೋಗಿ ಮನೆ ಹುಡುಕಿದೆವು. ಒಳಗೆ ಯಾರೋ ಜೋಳ ಬೀಸುತ್ತಿದ್ದರು. ಬಾಗಿಲು ತೆರೆದ ಮಹಬೂಬನ ಗಡ್ಡ ಬೆಳೆದಿತ್ತು, ಕೆನ್ನೆ ಬತ್ತಿತ್ತು. ನನಗೆ ಸಲಾಮು ಹೇಳಿದ. ಶಿವಲಿಂಗಪ್ಪನನ್ನು ಸುಮ್ಮನೆ ನೋಡಿದ. ಚಾಪೆ ಹಾಸಿದ, ಕೂತೆವು.

"ನಿನ್ನ ಅಂಗಡಿ ಸುಟ್ಟಾವ್ರು ನಾವಲ್ಲ ಶಿವಲಿಂಗಪ್ಪ," ಎಂದ ಮಹಬೂಬ.

"ಗೊತ್ತದ. ನಿಮ್ಮ ಅಣ್ಣನ ಕೊಂದಾವ್ರೂ ನಾವಲ್ಲ."

"ಅದೂ ಗೊತ್ತದ."

"ಆದ್ರ ಅವತ್ತು ಮುಂಜಾನಿ ನಿನ್ನ ಮಾರಿ ನೋಡಲಾರದಾಂವ ಯಾರು? ನಾನೇ ಅಲ್ಲೇನು? ಆ ಅಂಗಿ ಹಾಕ್ಕೊಂಡು ನನ್ನ ಮಕ್ಳು ವರ್ಷೆಲ್ಲಾ ತಿರಗ್ಯಾವ. ನೋಡಿದಾಗೊಮ್ಮೆ..." ಮಾತು ಅಲ್ಲಿಗೇ ನಿಂತಿತು.

ಒಳಗೆ ಬೀಸುವ ಕಲ್ಲೂ ನಿಂತಿತು. "ಶಿವಲಿಂಗಪ್ಪ ಬಂದಾನೇನು?" ಖಾಲಾಳ ಧ್ವನಿ. "ಒಂದು ಪದಾ ಹಾಡಪ್ಪಾ. ಈ ಮನ್ಯಾಗ ಅಳೂದು ಕೇಳಿ ಕೇಳಿ ಕಿವಿ ಸೋತಾವ."

ಮಗನನ್ನು ಕಳೆದುಕೊಂಡವಳ ಮನೆಯಲ್ಲಿ ಹಾಡುವುದೇ? ಅವನು ನನ್ನ ಕಡೆ ನೋಡಿದ. ನಾನು ಮಹಬೂಬನ ಕಡೆ ನೋಡಿದೆ. "ಹಾಡು, ಅಮ್ಮ ಹೇಳಾಕತ್ತಾಳಲ್ಲ" ಎಂದ ಮಹಬೂಬ. ಶಿವಲಿಂಗಪ್ಪ ಕಣ್ಣು ಮುಚ್ಚಿ ತನ್ನ ಹಳೆಯ ತತ್ವಪದವೊಂದನ್ನು ಎತ್ತಿಕೊಂಡ. ಎಷ್ಟೋ ಸಲ ಕೇಳಿ, ಚೌಕಾಶಿ ಮಾಡಿ ನಾವು ಬೆಲೆ ಕಟ್ಟಿದ್ದ ಪದವದು. ಎರಡನೆಯ ನುಡಿಯಲ್ಲಿ, ಈ ದೇಹವೂ ನಮ್ಮದಲ್ಲವೆಂಬ ಅರ್ಥ ಬರುವಲ್ಲಿ, ಅವನ ಹಾಡು ನಿಂತುಹೋಯಿತು.

ಆಗ ಒಳಗಿನಿಂದ ಮುಂದಿನ ಸಾಲು ಕೇಳಿಬಂತು. ಖಾಲಾ ಹಾಡುತ್ತಿದ್ದಳು. ಒಡಕು ಧ್ವನಿ, ದಖನಿ ಉರ್ದುವಿಗೆ ಒಗ್ಗಿದ ನಾಲಿಗೆ. ಆದರೂ ಒಂದು ಅಕ್ಷರ ತಪ್ಪಲಿಲ್ಲ. ಶುಕ್ರವಾರಗಳ ಪದಗಳನ್ನೆಲ್ಲ ಆಕೆ ನಾವರಿಯದಂತೆ ತನ್ನದಾಗಿಸಿಕೊಂಡಿದ್ದಳು. ಶಿವಲಿಂಗಪ್ಪ ಕಣ್ಣೊರೆಸಿಕೊಂಡು ಜೊತೆಗೂಡಿದ. ಮಹಬೂಬ ಗೋಡೆಯ ಕಡೆ ಮುಖ ತಿರುಗಿಸಿ ಸಣ್ಣಗೆ ದನಿಗೂಡಿಸಿದ. ಪದ ಮುಗಿದಾಗ ಲೆಕ್ಕದ ಮಾಸ್ತರನ ಬಾಯಿಗೆ ಆ ದಿನ ಯಾವ ಅಂಕಿಯೂ ಬರಲಿಲ್ಲ. ನಾನು ಅಷ್ಟು ದಿನ ಹಾಡುಗಳನ್ನು ತೂಗಿದ್ದು ನನ್ನ ಅಭಿರುಚಿಯ ತಕ್ಕಡಿಯಲ್ಲಿ. ಅವು ಬೇರೆಯವರ ಬಾಳಿನಲ್ಲಿ ಎಲ್ಲಿ ಹೋಗಿ ಕೂತಿವೆಯೆಂದು ವಿಚಾರಿಸಿದ್ದಿಲ್ಲ.

ಹೊರಡುವಾಗ ಶಿವಲಿಂಗಪ್ಪ ಬಾಗಿಲಲ್ಲಿ ನಿಂತು, "ಖಾಲಾ, ಊರಿಗೆ ಬರ್ರಿ" ಎಂದ.

"ಹೆದರಿಕಿ ಆಗ್ತದಪ್ಪಾ," ಎಂದಳು ಆಕೆ.

"ನನಗೂ ಆಗಿತ್ರಿ. ಆದ್ರೂ ಬಂದೆ. ನೀವೂ ಬರ್ರಿ."

ಅವರು ಬಂದದ್ದು ಜೋಳದ ಸುಗ್ಗಿ ಮುಗಿದ ಮೇಲೆ. ಹುಮನಾಬಾದದ ಬಸ್‌ಸ್ಟ್ಯಾಂಡಿನಲ್ಲಿ ಶಿವಲಿಂಗಪ್ಪ, ಅವನ ಹೆಂಡತಿ ಗೌರಮ್ಮ, ನಾನು ಕಾದು ನಿಂತಿದ್ದೆವು. ಮೊದಲು ಮಹಬೂಬ ಇಳಿದ, ಅವನ ಹಿಂದೆ ಅತ್ತಿಗೆ, ಕೊನೆಗೆ ಮೊಮ್ಮಗಳ ಕೈ ಹಿಡಿದು ಖಾಲಾ. ಅಲ್ಲಿದ್ದವರಲ್ಲಿ ಕೆಲವರು ಮಾತು ನಿಲ್ಲಿಸಿ ನೋಡಿದರು. ಖಾಲಾ ಸೆರಗನ್ನು ಮುಂದಕ್ಕೆಳೆದುಕೊಂಡು ನಿಂತಲ್ಲೇ ನಿಂತಳು. ಗೌರಮ್ಮ ಮುಂದೆ ಹೋಗಿ, ಎಲ್ಲರೂ ನೋಡುತ್ತಿದ್ದಂತೆಯೇ ಆ ಮಗುವನ್ನು ಎತ್ತಿ ಸೊಂಟಕ್ಕೇರಿಸಿಕೊಂಡಳು.

ಮಹಬೂಬ ಜೇಬಿನಿಂದ ಕೀಲಿಕೈ ತೆಗೆದು ತನ್ನ ಅಂಗಡಿಯ ದಾರಿ ಹಿಡಿಯಲು ಹೊರಟ.

"ಅದು ಆಮ್ಯಾಲ ತಗದ್ರಾತು," ಎಂದಳು ಗೌರಮ್ಮ. "ಮನ್ಯಾಗ ರೊಟ್ಟಿ ಬಡದಿಟ್ಟೀನಿ. ಮದಲ ಉಣ್ಣಾಕ ನಡೀರಿ."

ಆಕೆ ಮಗುವಿನೊಡನೆ ಬಾಜಾರದ ನಡುವೆಯೇ ಮುಂದೆ ನಡೆದಳು. ಖಾಲಾ ಅವಳ ಹಿಂದೆ ಹೆಜ್ಜೆಯಿಟ್ಟಳು; ನಾವೆಲ್ಲರೂ ಅವರ ಹಿಂದೆ ಹೊರಟೆವು.